ಕಾಂಡ್ಲಾ ಬುಡದ ಕೆಸರಿನಲ್ಲಿ ಸೀಸ ಸಿಕ್ಕರೆ ಹೆದರಬೇಕೆ?

ಕರಾವಳಿಯ ಪತ್ರಿಕೆಗಳಲ್ಲಿ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬಗ್ಗೆ ಎರಡು ಬಗೆಯ ಸುದ್ದಿ ಬರುತ್ತಲೇ ಇರುತ್ತದೆ. ಒಂದರಲ್ಲಿ ಶಾಲಾ ಮಕ್ಕಳು, ಅಧಿಕಾರಿಗಳು ಮೊಣಕಾಲುದ್ದ ಕೆಸರಿಗಿಳಿದು ಸಸಿ ನೆಡುತ್ತಿರುವ ಚಿತ್ರ, ಅದರ ಕೆಳಗೆ ‘ಕಾಂಡ್ಲಾ ನದಿಯ ವಿಷ ಹೀರಿ ನೀರನ್ನು ಶುದ್ಧಗೊಳಿಸುತ್ತದೆ’ ಎಂಬ ಸಾಲು. ಇನ್ನೊಂದರಲ್ಲಿ ಅಳಿವೆಯ (ಹೊಳೆ ಸಮುದ್ರ ಸೇರುವ ಜಾಗದ) ಕಾಂಡ್ಲಾ ಕಾಡಿನ ಕೆಸರಿನಲ್ಲಿ ಸೀಸ, ನಿಕ್ಕೆಲ್, ಕ್ರೋಮಿಯಂ ‘ಮಿತಿಗಿಂತ ಹೆಚ್ಚು’ ಎಂಬ ತಲೆಬರಹ. ಶುದ್ಧ ಮಾಡುವ ಗಿಡದ ಬುಡದಲ್ಲೇ ವಿಷ ಹೇಗೆ? ಹಾಗಾದರೆ ನೆಡುವುದು ಒಳ್ಳೆಯದೋ, ಅಪಾಯವೋ? ಅಲ್ಲಿ ಹೆಕ್ಕಿದ ಮರುವಾಯಿ (ಚಿಪ್ಪುಜೀವಿ) ತಿನ್ನಬಹುದೋ, ಬಾರದೋ?

ಈ ಪ್ರಶ್ನೆಗಳಿಗೆ ಈಗ ತೂಕ ಹೆಚ್ಚು. ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ‘ಮಿಷ್ಟಿ’ ಯೋಜನೆ ದೇಶದಲ್ಲಿ ಸುಮಾರು 540 ಚದರ ಕಿಲೋಮೀಟರ್ ಕಾಂಡ್ಲಾ ಬೆಳೆಸುವ ಗುರಿ ಇಟ್ಟುಕೊಂಡಿದೆ. 2021ರ ಅರಣ್ಯ ಸಮೀಕ್ಷೆಯ ಲೆಕ್ಕದಲ್ಲಿ ಇಡೀ ಕರ್ನಾಟಕದ ಕಾಂಡ್ಲಾ 13 ಚದರ ಕಿಲೋಮೀಟರ್ ಅಷ್ಟೆ. ನೇತ್ರಾವತಿ–ಫಲ್ಗುಣಿಯ ಕುದ್ರುಗಳು (ಹೊಳೆ ನಡುವಿನ ದ್ವೀಪಗಳು), ಮೂಲ್ಕಿಯ ಶಾಂಭವಿ, ಉದ್ಯಾವರ ಹೊಳೆ, ಸೀತಾ–ಸ್ವರ್ಣಾ ಸೇರುವ ಜಾಗ, ಕುಂದಾಪುರದ ಪಂಚಗಂಗಾವಳಿ: ನಮ್ಮ ಪಾಲು ಇಂಥ ತುಂಡು ತುಂಡು ಜಾಗಗಳಲ್ಲಿದೆ. ಈ ತುಂಡುಗಳ ಪಕ್ಕದಲ್ಲೇ ಪೇಟೆ, ದಕ್ಕೆ, ಕಾರ್ಖಾನೆ, ಸೀಗಡಿ ಕೆರೆಗಳೂ ಇವೆ.

ಹೊಳೆ ಹೊತ್ತು ತರುವುದು ಏನನ್ನು?

ಭಾರಲೋಹ ಎಂದೊಡನೆ ಎಲ್ಲರ ಕಣ್ಣು ಮಂಗಳೂರಿನ ಬೈಕಂಪಾಡಿ, ಪಣಂಬೂರಿನ ಕಡೆ ಹೋಗುತ್ತದೆ. ರಸಗೊಬ್ಬರ, ತೈಲ ಸಂಸ್ಕರಣೆ, ಅದಿರು–ಕಲ್ಲಿದ್ದಲು ಇಳಿಸುವ ಬಂದರು ಎಲ್ಲವೂ ಫಲ್ಗುಣಿಯ ಹತ್ತಿರವೇ ಇರುವಾಗ ಅದು ತಪ್ಪಲ್ಲ. ಆದರೆ ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. ದೋಣಿಯ ತಳಕ್ಕೆ ಚಿಪ್ಪು, ಪಾಚಿ ಅಂಟದಿರಲು ಬಳಿಯುವ ಬಣ್ಣದಲ್ಲಿ ತಾಮ್ರವಿರುತ್ತದೆ. ಉಕ್ಕಿನ ಬೋಟು ತುಕ್ಕು ಹಿಡಿಯದಿರಲೆಂದು ಕಟ್ಟುವ ಸತುವಿನ ಗಟ್ಟಿ ಕರಗುವುದಕ್ಕೆಂದೇ ಇರುವಂಥದ್ದು, ಕರಗಿ ನೀರು ಸೇರುತ್ತದೆ. ಬಲೆಗೆ ಕಟ್ಟುವ ಗುಂಡು ಸೀಸದ್ದು. ವಾಹನದ ಟಯರು ಸವೆದರೆ ಸತು, ಬ್ರೇಕ್ ಸವೆದರೆ ತಾಮ್ರ. ಸತು ಲೇಪಿಸಿದ ತಗಡಿನ ಮಾಡಿನಿಂದ ಇಳಿಯುವ ಮಳೆನೀರಿನಲ್ಲೂ ಸತು ಇರುತ್ತದೆ.

ತೋಟದ ಲೆಕ್ಕವನ್ನು ಸಾಮಾನ್ಯವಾಗಿ ಯಾರೂ ತೆಗೆಯುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತಿನ ತೂಕದಲ್ಲಿ ಕಾಲು ಭಾಗ ಶುದ್ಧ ತಾಮ್ರ. ಎಕರೆಗೆ 500 ಲೀಟರ್ ಹೊಡೆದರೆಂದು ಇಟ್ಟುಕೊಳ್ಳಿ. ಒಂದು ಸಲಕ್ಕೆ ಸುಮಾರು ಒಂದೂಕಾಲು ಕಿಲೋ ತಾಮ್ರ ತೋಟಕ್ಕೆ ಬಿತ್ತು. ಮಳೆ ಹಿಡಿಯುವ ಮೊದಲು ಒಂದು, 40–45 ದಿನ ಬಿಟ್ಟು ಇನ್ನೊಂದು ಸಿಂಪಡಣೆ. ತಾಮ್ರ ಮಣ್ಣಿಗೆ ಬಿಗಿಯಾಗಿ ಅಂಟುವುದರಿಂದ ಬಹುಪಾಲು ಅಲ್ಲೇ ಉಳಿಯುತ್ತದೆ, ನಿಜ. ಆದರೆ ಆಷಾಢದ ಮಳೆಗೆ ಮಣ್ಣೇ ಕೊಚ್ಚಿಹೋದರೆ ತಾಮ್ರವೂ ಅದರ ಜೊತೆಗೇ ಹೊರಡುತ್ತದೆ. ಘಟ್ಟದ ಬುಡದ ತೋಟಗಳ ನೀರೆಲ್ಲ ಇಳಿಯುವುದು ಇದೇ ಅಳಿವೆಗಳಿಗೆ.

ಯಾರೂ ಹಾಕದೆ ಬರುವ ಲೋಹವೂ ಇದೆ. ನಮ್ಮ ಮುರಕಲ್ಲು (ಜಂಬಿಟ್ಟಿಗೆ) ಕೆಂಪಾಗಿರುವುದೇ ಕಬ್ಬಿಣದಿಂದ. ಕಲ್ಲು ಸವೆದು ಬರುವ ಕೆಮ್ಮಣ್ಣಿನಲ್ಲಿ ಕಬ್ಬಿಣದ ಜೊತೆಗೆ ಒಂದಿಷ್ಟು ಕ್ರೋಮಿಯಂ, ನಿಕ್ಕೆಲ್ ಮೊದಲಿನಿಂದಲೂ ಇರುತ್ತವೆ. ಈ ಮಾತು ಮುಂದೆ ವರದಿ ಓದುವಾಗ ಬೇಕಾಗುತ್ತದೆ.

ಕೆಸರೊಳಗಿನ ಬೀಗ

ಹೊಳೆಯ ಸಿಹಿನೀರು ಉಪ್ಪುನೀರಿಗೆ ತಾಗಿದ ಕೂಡಲೇ ಅದರಲ್ಲಿ ತೇಲುತ್ತಿದ್ದ ನುಣ್ಣನೆಯ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಭಾರವಾಗುತ್ತವೆ. ಕಾಂಡ್ಲಾದ ಊರುಗೋಲಿನಂಥ ಬೇರುಗಳು, ಅವಿಸೆನಿಯಾ ಜಾತಿಯ ಮರಗಳ ಸುತ್ತ ಪೆನ್ಸಿಲ್ ನೆಟ್ಟ ಹಾಗೆ ಮೇಲೆದ್ದ ಉಸಿರುಬೇರುಗಳು ನೀರಿನ ಓಟವನ್ನು ತಗ್ಗಿಸುತ್ತವೆ. ಓಟ ನಿಂತಲ್ಲಿ ಜೇಡಿ ಕೂರುತ್ತದೆ. ಕಣ ನುಣ್ಣಗಾದಷ್ಟೂ ಅದೇ ತೂಕದ ಮಣ್ಣಿನ ಒಟ್ಟು ಮೇಲ್ಮೈ ಹೆಚ್ಚು, ಅದಕ್ಕೆ ಅಂಟುವ ಲೋಹವೂ ಹೆಚ್ಚು. ಹೀಗಾಗಿ ಹೊಳೆಯಲ್ಲಿರುವ ಲೋಹ ಮರಳಿನ ದಡದಲ್ಲಿ ನಿಲ್ಲದೆ ಕಾಂಡ್ಲಾ ಬುಡದಲ್ಲಿ ಬಂದು ಕೂರುತ್ತದೆ. ಇಲ್ಲಿಯವರೆಗೆ ನಡೆದದ್ದು ಬರೀ ಸೋಸುವ ಕೆಲಸ.

ರಸಾಯನ ಶುರುವಾಗುವುದು ಆಮೇಲೆ. ಉದುರಿದ ಎಲೆ ಕೊಳೆಯುವಾಗ ಕೆಸರಿನ ಆಮ್ಲಜನಕ ಕೆಲವೇ ಮಿಲಿಮೀಟರ್ ಆಳದೊಳಗೆ ಖರ್ಚಾಗಿಬಿಡುತ್ತದೆ. ಅದರ ಕೆಳಗಿನ ಬ್ಯಾಕ್ಟೀರಿಯಾಗಳಿಗೆ ಉಸಿರಾಡಲು ಬೇರೆ ದಾರಿ ಬೇಕು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇದೆ, ಅವು ಅದನ್ನು ಬಳಸಿ ಸಲ್ಫೈಡ್ ಬಿಡುತ್ತವೆ. ಕಾಂಡ್ಲಾ ಕೆಸರಿಗೆ ಕಾಲಿಟ್ಟಾಗ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯ ವಾಸನೆ ಇದರದ್ದೇ. ಜನ ಅದನ್ನು ಮಾಲಿನ್ಯದ ಗುರುತೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಆರೋಗ್ಯವಂತ ಕಾಂಡ್ಲಾ ಕಾಡಿಗೂ ಆ ವಾಸನೆ ಇದ್ದೇ ಇರುತ್ತದೆ, ಲೋಹಕ್ಕೆ ಬೀಗ ಹಾಕುವ ಕೆಲಸ ಮಾಡುವುದೂ ಅದೇ ಸಲ್ಫೈಡ್.

ಸಲ್ಫೈಡ್ ಮೊದಲು ಕಬ್ಬಿಣವನ್ನು ಹಿಡಿಯುತ್ತದೆ. ಕೆಸರು ಕಪ್ಪಾಗುವುದು ಹೀಗೆ. ತಾಮ್ರ, ಸೀಸ, ಕ್ಯಾಡ್ಮಿಯಂ, ಸತು, ಪಾದರಸಗಳ ಸಲ್ಫೈಡ್‌ಗಳು ಕಬ್ಬಿಣದ ಸಲ್ಫೈಡ್‌ಗಿಂತಲೂ ಕಡಿಮೆ ಕರಗುವಂಥವು. ಆದ್ದರಿಂದ ಇವುಗಳಲ್ಲಿ ಯಾವುದು ಕೆಸರಿಗೆ ಬಂದರೂ ಕಬ್ಬಿಣವನ್ನು ತಳ್ಳಿ ಆ ಜಾಗದಲ್ಲಿ ತಾನು ಕೂರುತ್ತದೆ. ಕರಗದ ಲೋಹ ನೀರಿಗೂ ಬರುವುದಿಲ್ಲ, ಜೀವಿಗಳ ಮೈಗೂ ಸುಲಭವಾಗಿ ಇಳಿಯುವುದಿಲ್ಲ. ಕೆಸರಿನಲ್ಲಿ ಕಬ್ಬಿಣದ ಸಲ್ಫೈಡ್ ದಾಸ್ತಾನು ಎಷ್ಟಿದೆಯೋ ಅಷ್ಟು ಲೋಹಕ್ಕೆ ಜಾಗ ಇದೆ ಎಂದು ಲೆಕ್ಕ. ಮುರಕಲ್ಲಿನ ನಾಡಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ, ನಮ್ಮ ಅಳಿವೆಗಳ ಪುಣ್ಯ. ಹೆಚ್ಚು ವಿಷಕಾರಿಯಾದ ಆರು ವೇಲೆನ್ಸಿಯ ಕ್ರೋಮಿಯಂ ಕೂಡ ಇಂಥ ಗಾಳಿಯಿಲ್ಲದ ಕೆಸರಿನಲ್ಲಿ ಮೂರು ವೇಲೆನ್ಸಿಗೆ ಇಳಿದು ಬಹುಮಟ್ಟಿಗೆ ನಿರುಪದ್ರವಿಯಾಗುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಇಳಿತದ ಹೊತ್ತಿನಲ್ಲಿ ಒಂದು ಹಾರೆ ಕೆಸರು ಎತ್ತಿದರೆ ಮೇಲೆ ತೆಳ್ಳನೆ ಕಂದು ಪದರ, ಕೆಳಗೆ ಕಪ್ಪು. ಅದನ್ನು ಹಾಗೇ ಬಿಸಿಲಿಗಿಟ್ಟರೆ ಕಪ್ಪು ಬಣ್ಣ ಮೇಲಿನಿಂದ ಕಂದಾಗುತ್ತ ಬರುತ್ತದೆ. ಗಾಳಿ ತಾಗಿ ಬೀಗ ಬಿಚ್ಚುತ್ತಿರುವ ಗುರುತು ಅದು.

ಮರ ಎಷ್ಟು ಹೀರುತ್ತದೆ?

ಒಂದು ಹೆಕ್ಟೇರ್ ಕಾಂಡ್ಲಾ ಕಾಡನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೇಲಿನ 50 ಸೆಂಟಿಮೀಟರ್ ಕೆಸರು ಎಂದರೆ 5,000 ಘನ ಮೀಟರ್. ಒಣಗಿದ ತೂಕ ಘನ ಮೀಟರಿಗೆ 0.8 ಟನ್ ಎಂದಿಟ್ಟರೆ 4,000 ಟನ್. ಅದರಲ್ಲಿ ಸೀಸ ಕಿಲೋಗೆ 30 ಮಿಲಿಗ್ರಾಂ ಇದ್ದರೆ ಒಟ್ಟು 120 ಕಿಲೋ ಸೀಸ. ಅದೇ ಹೆಕ್ಟೇರಿನ ಮರಗಳ ಒಣತೂಕ 100 ಟನ್, ಅವುಗಳಲ್ಲಿ ಸರಾಸರಿ ಕಿಲೋಗೆ 3 ಮಿಲಿಗ್ರಾಂ ಸೀಸ ಎಂದರೆ 300 ಗ್ರಾಂ. ಕಾಲು ಶೇಕಡಾ! ಬ್ರೆಜಿಲ್‌ನ ಸೆಪೆಟಿಬಾ ಕೊಲ್ಲಿಯ ಕಾಂಡ್ಲಾ ಕಾಡಿನಲ್ಲಿ ನಡೆದ ಅಧ್ಯಯನದಲ್ಲೂ ಲೋಹದ ಬಹುತೇಕ ಎಲ್ಲ ಪಾಲೂ ಕೆಸರಿನಲ್ಲೇ ಕಂಡುಬಂದಿತ್ತು.

ಮರ ಹೀರುವುದು ಇಷ್ಟು ಕಡಿಮೆ ಏಕೆ? ಬೇರಿನ ತುದಿಯಿಂದ ಒಂದಿಷ್ಟು ಆಮ್ಲಜನಕ ಹೊರಗೆ ಸೋರುತ್ತದೆ, ಅದು ತಾಗಿದ ಕಬ್ಬಿಣ ಬೇರಿನ ಸುತ್ತ ತುಕ್ಕಿನ ಬಣ್ಣದ ಪೊರೆಯಾಗಿ ಕೂರುತ್ತದೆ. ಬೇರಿನ ಹತ್ತಿರ ಬಂದ ಲೋಹದಲ್ಲಿ ಒಂದು ಪಾಲು ಆ ಪೊರೆಗೇ ಅಂಟುತ್ತದೆ. ಅದನ್ನು ದಾಟಿದ್ದು ಬೇರಿನ ಕೋಶಭಿತ್ತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಎಲೆಗೆ ಏರುವುದು ಮುಖ್ಯವಾಗಿ ಗಿಡಕ್ಕೆ ಬೇಕಾದ ತಾಮ್ರ ಮತ್ತು ಸತು, ಅದೂ ಬೇರಿನಲ್ಲಿರುವುದರ ಅರ್ಧದಷ್ಟು ಮಟ್ಟಕ್ಕೆ. ಸೀಸ ಇನ್ನೂ ಕಡಿಮೆ. ಎಲೆಯ ಮೇಲೆ ಉಪ್ಪು ಕಕ್ಕುವ ಅವಿಸೆನಿಯಾ ಅದರ ಜೊತೆಗೆ ಒಂದಿಷ್ಟು ಸತು, ತಾಮ್ರವನ್ನೂ ಹೊರಹಾಕುತ್ತದೆ. ಊರುಗೋಲು ಬೇರಿನ ರೈಜೋಫೊರಾ ಉಪ್ಪನ್ನು ಬೇರಿನಲ್ಲೇ ತಡೆಯುವ ಕಾಂಡ್ಲಾ ಜಾತಿ. ಎಲೆ ಕಡಿದು ಸಾಗಿಸಿ ಲೋಹ ತೆಗೆಯುತ್ತೇವೆ ಎಂದು ಹೊರಟವರು ಈ ಲೆಕ್ಕ ನೋಡಿದರೆ ಸಾಕು.

ಹಾಗಾಗಿ ‘ವಿಷ ಹೀರುವ ಮರ’ ಎಂಬ ಮಾತು ಕೇಳಲು ಚೆಂದ, ರಸಾಯನದಲ್ಲಿ ತಪ್ಪು. ಮರದ ಕೆಲಸ ಜೇಡಿಯನ್ನು ಹಿಡಿದು ನಿಲ್ಲಿಸುವುದು, ಎಲೆ ಉದುರಿಸಿ ಬ್ಯಾಕ್ಟೀರಿಯಾಗಳಿಗೆ ಉಣಿಸುವುದು, ಅಲೆಗೆ ಕೆಸರು ಕದಡದಂತೆ ಕಾಯುವುದು. ಲೋಹ ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಕಟ್ಟಿಬೀಳುತ್ತದೆ. ವರ್ಷಕ್ಕೆ 5 ಮಿಲಿಮೀಟರ್ ಕೆಸರು ಕೂರುವ ಜಾಗದಲ್ಲಿ ಅರ್ಧ ಮೀಟರ್ ಆಳ ಎಂದರೆ ನೂರು ವರ್ಷದ ದಾಸ್ತಾನು.

ಬೀಗ ಬಿಚ್ಚುವುದು ಹೇಗೆ?

ಸಲ್ಫೈಡ್ ಗಾಳಿಗೆ ಬಿದ್ದರೆ ಗಂಧಕಾಮ್ಲವಾಗುತ್ತದೆ. ಕಬ್ಬಿಣ–ಗಂಧಕದ ಖನಿಜ ಪೈರೈಟ್ 1 ಕಿಲೋ ಪೂರ್ತಿ ಆಕ್ಸಿಡೀಕರಣಗೊಂಡರೆ ಸುಮಾರು 1.6 ಕಿಲೋ ಆಮ್ಲ. ಒಣತೂಕದಲ್ಲಿ ಶೇ 1ರಷ್ಟು ಪೈರೈಟ್ ಇರುವ ಒಂದು ಟನ್ ಕೆಸರನ್ನು ದಡಕ್ಕೆ ಎತ್ತಿ ಹಾಕಿದರೆ 16 ಕಿಲೋ ಆಮ್ಲ ಹುಟ್ಟುವ ಸಾಮರ್ಥ್ಯ ಅದಕ್ಕಿದೆ, ಅದನ್ನು ತಣಿಸಲು ಹೆಚ್ಚೂಕಡಿಮೆ 17 ಕಿಲೋ ಸುಣ್ಣದಕಲ್ಲಿನ ಪುಡಿ ಬೇಕು. ಕೆಸರಿನಲ್ಲಿ ಮೃದ್ವಂಗಿಗಳ ಚಿಪ್ಪು ಸಾಕಷ್ಟು ಬೆರೆತಿದ್ದರೆ ಅದೇ ಸುಣ್ಣದ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಪಿಎಚ್ (ಆಮ್ಲೀಯತೆಯ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) 4ಕ್ಕಿಂತ ಕೆಳಗಿಳಿದು ಹತ್ತಾರು ವರ್ಷ ಕಟ್ಟಿಬಿದ್ದಿದ್ದ ಸತು, ಕ್ಯಾಡ್ಮಿಯಂ, ತಾಮ್ರ, ಅವುಗಳ ಜೊತೆಗೆ ಮಣ್ಣಿನದೇ ಅಲ್ಯೂಮಿನಿಯಂ ಒಂದೆರಡು ಮಳೆಯಲ್ಲೇ ನೀರಿಗಿಳಿಯುತ್ತವೆ.

ಕಾಂಡ್ಲಾ ಕಡಿದು ಸೀಗಡಿ ಕೆರೆ ತೋಡಿದಲ್ಲಿ ಇದು ಎದ್ದು ಕಾಣುತ್ತದೆ. ಕೆರೆಯ ತಳಕ್ಕೆ ಎಷ್ಟೇ ಸುಣ್ಣ ಹಾಕಿದರೂ ಬದುವಿಗೆ ಹಾಕಿದ ಕೆಸರು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಿರುತ್ತದೆ. ಮೊದಲ ಮಳೆಗೆ ಅಲ್ಲಿಂದ ತುಕ್ಕಿನ ಬಣ್ಣದ ನೀರು ಇಳಿಯುತ್ತದೆ, ಕೆರೆಯ ಪಿಎಚ್ ರಾತ್ರೋರಾತ್ರಿ ಕುಸಿಯುತ್ತದೆ, ಸೀಗಡಿ ಚಿಪ್ಪು ಕಳಚುವಾಗ ಸಾಯುತ್ತದೆ. ರೋಗವೆಂದು ಔಷಧಿ ಹಾಕುತ್ತ ಕೂತರೆ ಪ್ರಯೋಜನವಿಲ್ಲ, ಸುಣ್ಣ ಬೇಕಾದದ್ದು ಬದುವಿನ ಮೈಗೆ.

ಬೀಗ ಬಿಚ್ಚುವ ಬೇರೆ ದಾರಿಗಳೂ ಇವೆ. ರಸ್ತೆಗೋ ಬಡಾವಣೆಗೋ ಮಣ್ಣು ತುಂಬಿ ಉಬ್ಬರದ ನೀರನ್ನು ತಡೆದರೆ ಕೆಸರು ನಿಂತಲ್ಲೇ ಒಣಗುತ್ತದೆ. ಮರ ಕಡಿದರೆ ಬೇರು ಕೊಳೆತು ದಡ ಕೊಚ್ಚಿಹೋಗುತ್ತದೆ. ಬಂದರಿನ ಹೂಳೆತ್ತುವಾಗ ಕೆಸರು ನೀರಿನಲ್ಲೇ ಕದಡಿ ಮತ್ತೆ ಅಲ್ಲೇ ಕೂತರೆ ಹಾನಿ ಸ್ವಲ್ಪ. ಅದನ್ನು ಕುದ್ರುವಿನ ಮೇಲೋ ಹೊಳೆಯ ಬದಿಯಲ್ಲೋ ರಾಶಿ ಹಾಕಿದರೆ ಹೆಚ್ಚು.

ಪಾದರಸ, ಆರ್ಸೆನಿಕ್ ಎರಡೂ ಈ ಸಲ್ಫೈಡ್ ಬೀಗದ ನಿಯಮಕ್ಕೆ ಪೂರ್ತಿ ಬಗ್ಗುವುದಿಲ್ಲ. ಸಲ್ಫೇಟ್ ಬಳಸುವ ಅದೇ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಸಣ್ಣ ಜೀವಿಯಿಂದ ಮೀನಿಗೆ, ಮೀನಿನಿಂದ ದೊಡ್ಡ ಮೀನಿಗೆ ಏರುತ್ತ ಹೋಗುವುದು ಇದೇ ರೂಪ. ಆರ್ಸೆನಿಕ್ ಕಬ್ಬಿಣದ ತುಕ್ಕಿಗೆ ಅಂಟಿಕೊಂಡಿರುವಂಥದ್ದು. ಆಮ್ಲಜನಕ ಮುಗಿದು ತುಕ್ಕು ಕರಗಿದಾಗ ಅದಕ್ಕೆ ಬಿಡುಗಡೆ. ಅಂದರೆ ಕಾಂಡ್ಲಾ ಕೆಸರು ಸೀಸಕ್ಕೆ ಒಳ್ಳೆಯ ಜೈಲು, ಪಾದರಸಕ್ಕೆ ಅಷ್ಟು ನಂಬಿಕೆಯದಲ್ಲ.

‘ಮಿತಿಗಿಂತ ಹೆಚ್ಚು’ ಎಂದರೆ ಯಾವ ಮಿತಿ?

ಕೆಸರಿನ ಲೋಹಕ್ಕೆ ನಮ್ಮ ಸಂಶೋಧಕರು ಸಾಮಾನ್ಯವಾಗಿ ಬಳಸುವುದು ಅಮೆರಿಕದಲ್ಲಿ 1995ರಲ್ಲಿ ಪ್ರಕಟವಾದ ಎರಡು ಗೆರೆಗಳನ್ನು. ಕೆಳಗಿನ ಗೆರೆಯ ಒಳಗಿದ್ದರೆ ಜೀವಿಗಳಿಗೆ ತೊಂದರೆ ಅಪರೂಪ, ಮೇಲಿನ ಗೆರೆ ದಾಟಿದರೆ ಆಗಾಗ ತೊಂದರೆ. ಕಿಲೋಗೆ ಮಿಲಿಗ್ರಾಂ ಲೆಕ್ಕದಲ್ಲಿ ಸೀಸಕ್ಕೆ 46.7 ಮತ್ತು 218, ಕ್ಯಾಡ್ಮಿಯಂಗೆ 1.2 ಮತ್ತು 9.6, ಪಾದರಸಕ್ಕೆ 0.15 ಮತ್ತು 0.71, ನಿಕ್ಕೆಲ್‌ಗೆ 20.9 ಮತ್ತು 51.6. ಈಗ ತಮಾಷೆ ನೋಡಿ. ಭೂವಿಜ್ಞಾನಿಗಳು ಹೋಲಿಕೆಗೆ ಇಟ್ಟುಕೊಂಡಿರುವ, ಮಾಲಿನ್ಯ ಸೋಂಕದ ‘ಸರಾಸರಿ ಜೇಡಿಶಿಲೆ’ಯಲ್ಲೇ ನಿಕ್ಕೆಲ್ 68! ಅಂದರೆ ಮನುಷ್ಯನ ಕೈ ಸೋಂಕದ ಜೇಡಿಯೂ ನಿಕ್ಕೆಲ್ ವಿಷಯದಲ್ಲಿ ಮೇಲಿನ ಗೆರೆ ದಾಟುತ್ತದೆ. ನಿಕ್ಕೆಲ್, ಕ್ರೋಮಿಯಂ ಹೆಚ್ಚಿದೆ ಎಂಬ ತಲೆಬರಹ ಕಂಡರೆ ಮುರಕಲ್ಲಿನ ಪಾಲನ್ನು ಕಳೆದಿದ್ದಾರೆಯೇ ಎಂದು ಮೊದಲು ಕೇಳಬೇಕು. ಸೀಸ, ಕ್ಯಾಡ್ಮಿಯಂ, ಪಾದರಸದ ಅಂಕಿ ಗೆರೆ ದಾಟಿದ್ದರೆ ಮಾತ್ರ ಆ ಸಮಾಧಾನ ಸಲ್ಲದು, ಅವು ಮಣ್ಣಿನಲ್ಲಿ ಸಹಜವಾಗಿ ಅಷ್ಟು ಇರುವುದಿಲ್ಲ.

ಕಾಂಡ್ಲಾ ಬುಡದಲ್ಲಿ ಪಕ್ಕದ ಮರಳು ದಂಡೆಗಿಂತ ಮೂರು ಪಟ್ಟು ಲೋಹ ಎಂಬ ಹೋಲಿಕೆಯೂ ಬರುತ್ತದೆ. ಜೇಡಿಯನ್ನು ಮರಳಿಗೆ ಹೋಲಿಸಿದರೆ ಎಲ್ಲಿ ಹೋದರೂ ಹಾಗೇ ಬರುತ್ತದೆ. ಸರಿಯಾದ ಕ್ರಮ ಎರಡೂ ಕಡೆಯ ಮಾದರಿಯನ್ನು 63 ಮೈಕ್ರಾನ್ ಜರಡಿ ಹಿಡಿದು ನುಣ್ಣನೆಯ ಭಾಗವನ್ನಷ್ಟೇ ಹೋಲಿಸುವುದು, ಇಲ್ಲವೇ ಪ್ರತಿ ಲೋಹವನ್ನೂ ಜೇಡಿ ಎಷ್ಟಿದೆ ಎಂಬುದರ ಗುರುತಾದ, ಅದೇ ಮಾದರಿಯ ಅಲ್ಯೂಮಿನಿಯಂನಿಂದ ಭಾಗಿಸಿ ನೋಡುವುದು. ನಮ್ಮಲ್ಲಿ ಕಬ್ಬಿಣದಿಂದ ಭಾಗಿಸುವುದು ಅಪಾಯ: ಕಬ್ಬಿಣ ಕೆಸರಿನೊಳಗೆ ಕರಗುತ್ತ, ಮೇಲೇರಿ ಮತ್ತೆ ಕೂರುತ್ತ ಜಾಗ ಬದಲಿಸುತ್ತಿರುತ್ತದೆ.

ಮಾದರಿ ತೆಗೆಯುವಾಗಲೇ ಕೆಲಸ ಕೆಡುವುದೂ ಉಂಟು. ಪಿವಿಸಿ ಕೊಳವೆ ಒತ್ತಿ ತೆಗೆದ ಕೆಸರನ್ನು ಪದರ ಪದರವಾಗಿ ಕತ್ತರಿಸಿ, ಚೀಲದ ಗಾಳಿ ಹಿಂಡಿ, ಮಂಜುಗಡ್ಡೆಯಲ್ಲಿಟ್ಟು ಒಯ್ಯಬೇಕು. ಒಟ್ಟು ಸೀಸ ಎಷ್ಟೆಂದು ತಿಳಿಯುವುದಷ್ಟೇ ಗುರಿಯಾದರೆ ಒಣಗಿಸಿದರೂ ನಡೆಯುತ್ತದೆ. ಎಷ್ಟು ಬೀಗದೊಳಗಿದೆ, ಎಷ್ಟು ಹೊರಗಿದೆ ಎಂದು ತಿಳಿಯಬೇಕಾದರೆ ಗಾಳಿಗೆ ಒಣಗಿಸಿದ ಮಾದರಿ ನಿರುಪಯೋಗ, ಒಣಗಿಸುವಷ್ಟರಲ್ಲಿ ಬೀಗ ಬಿಚ್ಚಿರುತ್ತದೆ. ಪಾದರಸ ಆವಿಯಾಗುವುದರಿಂದ ಅದರ ಮಾದರಿಗೆ ಹೆಚ್ಚು ಶಾಖವೂ ಕೂಡದು. ಮಳೆಗಾಲದಲ್ಲಿ ಅಳಿವೆ ಸಿಹಿನೀರಾದಾಗ ತೆಗೆದ ಮಾದರಿಯನ್ನು ಏಪ್ರಿಲ್‌ನ ಉಪ್ಪುನೀರಿನ ಮಾದರಿಗೆ ಹೋಲಿಸುವುದೂ ಸಲ್ಲ. ಉಪ್ಪು ಏರಿದಾಗ ಕ್ಯಾಡ್ಮಿಯಂ ಕಣವನ್ನು ಬಿಟ್ಟು ಕ್ಲೋರೈಡ್ ಜೊತೆ ನೀರಿಗೆ ಸೇರುತ್ತದೆ.

ಮರುವಾಯಿಯ ಮಾತು

ಕೆಸರಿನ ಅಂಕಿಯಿಂದ ಚಿಪ್ಪಿನ ಮಾಂಸದ ಅಂಕಿಯನ್ನು ಊಹಿಸಲಾಗುವುದಿಲ್ಲ. ಮರುವಾಯಿ, ಪಚ್ಚಿಲೆ ನೀರು ಸೋಸಿ ತಿನ್ನುವ ಜೀವಿಗಳು. ಅವುಗಳ ಮೈಗೆ ಲೋಹ ಹೋಗುವುದು ತೇಲುವ ಕಣದಿಂದ, ಆಳದ ಕಪ್ಪು ಕೆಸರಿನಿಂದ ನೇರವಾಗಿ ಅಲ್ಲ. ಕ್ಯಾಡ್ಮಿಯಂಗೆ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಮಿತಿ ಚಿಪ್ಪುಜೀವಿಗಳ ಹಸಿ ಮಾಂಸದಲ್ಲಿ ಕಿಲೋಗೆ 2 ಮಿಲಿಗ್ರಾಂ, ಐರೋಪ್ಯ ಒಕ್ಕೂಟದ್ದು 1. ತಿನ್ನಬಹುದೇ ಎಂಬುದಕ್ಕೆ ಉತ್ತರ ಮಾಂಸದ ಪರೀಕ್ಷೆಯಲ್ಲೇ ಇದೆ. ಕುದಿಸಿದರೆ ರೋಗಾಣು ಸಾಯುತ್ತವೆ, ಲೋಹ ಎಲ್ಲೂ ಹೋಗುವುದಿಲ್ಲ. ಹೂಳೆತ್ತುತ್ತಿರುವಾಗ, ಮೊದಲ ಮಳೆಯ ಕೆಂಪುನೀರು ಬಂದಾಗ ಆ ಜಾಗದಿಂದ ಹೆಕ್ಕದಿರುವುದು ಜಾಣತನ.

ಯಾರ ವಾದ ಎಲ್ಲಿ ಎಡವುತ್ತದೆ?

ನೆಡುವವರ ವಾದ: ಕಾಂಡ್ಲಾ ಹೆಚ್ಚಾದಷ್ಟೂ ನೀರು ಶುದ್ಧ. ನೀರಿನ ಮಟ್ಟಿಗೆ ಅದು ನಿಜ, ಲೋಹ ನೀರಿನಿಂದ ಕೆಸರಿಗಿಳಿಯುತ್ತದೆ. ಆದರೆ ಮೇಲಿನಿಂದ ಬರುವ ತ್ಯಾಜ್ಯ ನಿಲ್ಲದಿದ್ದರೆ ದಾಸ್ತಾನು ಬೆಳೆಯುತ್ತಲೇ ಹೋಗುತ್ತದೆ. ಗಿಡ ನೆಡುವುದನ್ನು ತ್ಯಾಜ್ಯ ಬಿಡುವುದಕ್ಕೆ ಪರಿಹಾರವೆಂದು ತೋರಿಸುವ ಸಂಸ್ಥೆಗಳ ಜಾಹೀರಾತು ಈ ಅರ್ಧವನ್ನು ಹೇಳುವುದಿಲ್ಲ.

ಅಭಿವೃದ್ಧಿಯ ಕಡೆಯವರ ವಾದ: ಕಡಿದದ್ದಕ್ಕೆ ಮೂರು ಪಟ್ಟು ಬೇರೆ ಕಡೆ ನೆಡುತ್ತೇವಲ್ಲ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಈ ಮೂರು ಪಟ್ಟಿನ ಷರತ್ತು ಇದೆ. ಅದು ಎಣಿಸುವುದು ಮರದ ವಿಸ್ತೀರ್ಣವನ್ನು. ಕಡಿದ ಜಾಗದಲ್ಲಿ ತೆರೆದುಕೊಂಡ ನೂರು ವರ್ಷದ ಕೆಸರು ಲೆಕ್ಕಕ್ಕೇ ಬರುವುದಿಲ್ಲ, ಹೊಸ ತೋಪಿನ ಬುಡದಲ್ಲಿ ಅಷ್ಟು ಜೇಡಿ, ಅಷ್ಟು ಸಲ್ಫೈಡ್ ಕೂರಲು ಹತ್ತಾರು ವರ್ಷ ಹಿಡಿಯುತ್ತದೆ. ಪಟ್ಟು ಮೂರಾದರೂ ಕಾಲವನ್ನು ಯಾರೂ ತಂದುಕೊಡಲಾರರು.

ಇನ್ನೊಂದು ಕಡೆಯಿಂದ, ಕಾಂಡ್ಲಾದಲ್ಲಿ ವಿಷ ಸೇರಿದೆ, ಕೆಸರು ಕಿತ್ತು ತೆಗೆಯಿರಿ ಎಂಬ ಒತ್ತಾಯ. ಸಾಮಾನ್ಯ ಮಟ್ಟದ ಮಾಲಿನ್ಯಕ್ಕೆ ಇದು ಎಲ್ಲಕ್ಕಿಂತ ಕೆಟ್ಟ ಮದ್ದು. ಮೇಲಿನ ಗೆರೆಯನ್ನೂ ಎಷ್ಟೋ ಪಟ್ಟು ದಾಟಿದ ಜಾಗವಿದ್ದರೆ ಮಾತು ಬೇರೆ, ಆಗಲೂ ತೆಗೆದದ್ದನ್ನು ಎಲ್ಲಿಡುತ್ತೀರಿ ಎಂಬ ಪ್ರಶ್ನೆ ಮೊದಲು ಬಗೆಹರಿಯಬೇಕು.

ನೆಡುವ, ತೋಡುವ ಮುನ್ನ

ನೆಡುವ ಜಾಗದಲ್ಲಿ ಉಬ್ಬರದ ನೀರು ಬಂದು ಹೋಗುವಂತಿರಬೇಕು. ಹಳೆಯ ಕಟ್ಟದಿಂದ ನೀರು ನಿಂತಿದ್ದರೆ ಕಟ್ಟ ಒಡೆದರೆ ಸಾಕು, ಎಷ್ಟೋ ಕಡೆ ಬೀಜ ತಾನೇ ತೇಲಿ ಬಂದು ಮೊಳೆಯುತ್ತದೆ. ಅಲೆ ಹೊಡೆಯುವ ತೆರೆದ ಕೆಸರು ಬಯಲಿನಲ್ಲಿ ರೈಜೋಫೊರಾದ ಕೋಲಿನಂಥ ಮೊಳಕೆ ಚುಚ್ಚಿದರೆ ಒಂದೆರಡು ವರ್ಷದಲ್ಲಿ ಬಹುಪಾಲು ಸಾಯುತ್ತದೆ, ಮರುವಾಯಿ ಬೆಳೆಯುವ ಜಾಗವೂ ಹಾಳು.

ಕಾಂಡ್ಲಾ ಬದಿಯಲ್ಲಿ ಮೋರಿ, ಸೇತುವೆ ಕಂಬ, ಸೀಗಡಿ ಕೆರೆ ಯಾವುದಕ್ಕೆ ತೋಡುವುದಿದ್ದರೂ ಒಂದು ಅಗ್ಗದ ಪರೀಕ್ಷೆ ಇದೆ. ಬೇರೆ ಬೇರೆ ಆಳದ ಹಸಿ ಕೆಸರಿನ ಪಿಎಚ್ ನೋಡಿ, ನಂತರ ಅದಕ್ಕೆ ಶೇ 30ರ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ನೊರೆ ಇಳಿದ ಮೇಲೆ ಮತ್ತೆ ನೋಡುವುದು. ಪೆರಾಕ್ಸೈಡ್ ಚರ್ಮ, ಕಣ್ಣು ಸುಡುವಂಥದ್ದು, ಕೈಗವಸು, ಕನ್ನಡಕ ಬೇಕೇ ಬೇಕು. 7ರ ಆಸುಪಾಸು ಇದ್ದ ಪಿಎಚ್ 3ಕ್ಕಿಂತ ಕೆಳಗೆ ಬಿದ್ದರೆ ಆ ಕೆಸರನ್ನು ದಡಕ್ಕೆ ಎತ್ತಬಾರದು. ಎತ್ತಲೇಬೇಕಾದರೆ ಸುಣ್ಣದಕಲ್ಲಿನ ಪುಡಿಯನ್ನು ಲೆಕ್ಕ ಹಾಕಿ ಪದರ ಪದರವಾಗಿ ಬೆರೆಸಬೇಕು, ಇಲ್ಲವೇ ಒಣಗುವ ಮೊದಲೇ ಮತ್ತೆ ನೀರಿನಡಿಗೆ ಸೇರಿಸಬೇಕು. ಈ ಕೆಲಸ ಮುಗಿಸಬೇಕಾದದ್ದು ಮೇ ತಿಂಗಳೊಳಗೆ. ಜೂನ್ ಮಳೆ ಬಿದ್ದ ಮೇಲೆ ರಾಶಿಯಿಂದ ಇಳಿದ ನೀರು ಹೊಳೆ ಸೇರಿಯಾಗಿರುತ್ತದೆ.